ಎಮ್ಮೆಯ ಪಾಲಿನ ರೊಟ್ಟಿ

ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ನಿಮಗೆ ಯಾರು ಕಲಿಸಿದರು ಎಂದು ನಮ್ಮ ಓಣಿಯ ಹೆಣ್ಣುಮಕ್ಕಳು ಈಗಲೂ ಕೇಳುತ್ತಾರೆ. ನಮ್ಮ ಎಮ್ಮೆ ಎನ್ನುತ್ತೇನೆ. ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಗಲಿ, ಯಾರು ಬೇಡ ಅಂದರು? ನಾನೇನು ಸುಳ್ಳು ಹೇಳುತ್ತಿಲ್ಲ.

ಸಂಕ್ರಮಣ ಮುಗಿದು ವಾರವಾಗಿತ್ತು. ಬೆಳಗ್ಗೆ ಒಲೆಯ ಮುಂದೆ ಕುಳಿತಿದ್ದೆ. ಅಗಲ ತಟ್ಟೆಯಂಥ ಪರಾತದಲ್ಲಿ ಅರ್ಧ ಬಡಿದ ಜೋಳದ ರೊಟ್ಟಿ, ಹಂಚಿನ ಮೇಲೆ ಬೇಯುತ್ತಿದ್ದುದು ಇನ್ನೊಂದು. ಬಡಿಯಲೆಂದು ಬಲಗೈ ಎತ್ತಿದರೆ ಅದು ಬರಲಿಲ್ಲ. ನನ್ನದೇ ಕೈ, ನನ್ನ ಮಾತು ಕೇಳುತ್ತಿಲ್ಲ! ಕೂಗೋಣವೆಂದರೆ ನಾಲಿಗೆ ಹೊರಳಲಿಲ್ಲ. ರೊಟ್ಟಿ ಸೀದ ವಾಸನೆಗೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಹಿತ್ತಲಿನಿಂದ ಓಡಿ ಬಂದಳು. "ಅಕ್ಕಾ, ರೊಟ್ಟಿ ಹೊತ್ತಲಾಕತ್ತೈತಿ, ಏನ ನೋಡ್ಕೋತ ಕುಂತೀರಿ?" ಎನ್ನುತ್ತಲೇ ಬಂದವಳು, ನನ್ನ ಬಾಯಿ ಒಂದು ಕಡೆ ಸೊಟ್ಟಗಾಗಿದ್ದು ಕಂಡು "ಯವ್ವಾ!" ಎಂದು ಚೀರಿದಳು. ಉಮದಿ ದಾಟಿ ವಿಜಯಪುರದ ದವಾಖಾನೆ ಮುಟ್ಟುವವರೆಗೂ ಅವಳು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ. ನನಗೆ ನೆನಪಿರುವುದು ಸೀದ ರೊಟ್ಟಿಯ ವಾಸನೆ ಮಾತ್ರ.

ಬಲಗಡೆಯ ಕೈಕಾಲು ಬಿದ್ದಿದ್ದವು. ಲಕ್ವಾ ಎಂದರು. ಕಾಲಿಗೆ ಬಲ ಬಂತು, ನಾಲಿಗೆಯೂ ಬಂತು. ಬಂದದ್ದೇ ತಡ ನಾನು ಎಲ್ಲರನ್ನೂ ಬೈಯತೊಡಗಿದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೌದು, ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಲಕ್ವಾ ಕೂಡ ಮುಟ್ಟಲಿಲ್ಲ. ಆದರೆ ಬಲಗೈ ಬರಲಿಲ್ಲ. ಬೆರಳು ಅರ್ಧ ಮಡಚಿಕೊಂಡು ತೊಡೆಯ ಮೇಲೆ ಬಿದ್ದಿರುತ್ತಿತ್ತು. ಡಾಕ್ಟರರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಅದುಮಿರಿ ಎಂದರು. ಅದುಮಿದೆ, ಬೇಸರ ಬಂತು, ಗೋಡೆಗೆ ಎಸೆದೆ. ಎಸೆದದ್ದು ಎಡಗೈಯಿಂದ. ಅದು ಸರಿಯಾಗಿ ಹೋಗಿ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಜರಡಿಗೆ ಬಡಿದು ಅದನ್ನು ಕೆಳಗೆ ಕೆಡವಿತು. ಅರೇ, ಈ ಕೈಗೆ ಗುರಿ ಇದೆಯಲ್ಲ ಎಂದು ಆಗಲೇ ಅನ್ನಿಸಿದ್ದು.

ನಮ್ಮದು ಬಾಲಗಾಂವದಲ್ಲಿ ಹೊಲ ಮಾಡಿಕೊಂಡಿರುವ ಮನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ನಮ್ಮ ಅತ್ತೆಗೆ ಎಂಬತ್ತರ ಹತ್ತಿರ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸದೆ ಗುಟುಕು ಚಹಾ ಕುಡಿದವರಲ್ಲ. ನಾನು ದವಾಖಾನೆಯಿಂದ ಬಂದ ಮೇಲೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಪೂಜೆ ಮಾಡಿಸುತ್ತಿದ್ದರು. ನನ್ನ ಅಂಗೈಯಲ್ಲಿ ಲಿಂಗ ಇಡುವರು. ಮತ್ತೊಂದು ಕೈ ಏಳದು. ಅದನ್ನು ತಾವೇ ಎತ್ತಿ, ಬೆರಳು ಬಿಡಿಸಿ, ವಿಭೂತಿಗೆ ಒತ್ತಿ, ಲಿಂಗಕ್ಕೆ ಹಚ್ಚಿಸುವರು. ಅವರ ಕೈಯೂ ನಡುಗುತ್ತಿತ್ತು. ಎರಡು ನಡುಗುವ ಕೈ ಸೇರಿ ಒಂದು ಪೂಜೆ ಆಗುತ್ತಿತ್ತು. ಆಗ ನನಗೆ ಅಳು ಬರುತ್ತಿತ್ತು, ಅತ್ತೆಯ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಅದೇ ಅತ್ತೆ ಒಂದು ಬೆಳಗ್ಗೆ ಪರಾತವನ್ನು ನನ್ನ ಮುಂದಿನಿಂದ ಎತ್ತಿ ನೆಗೆಣ್ಣಿಯ ಮುಂದಿಟ್ಟರು. "ತಂಗಿ, ನೀ ಕುಂದ್ರು. ಇಷ್ಟ ವರ್ಷ ಮಾಡಿ ಹಾಕೀದಿ, ಇನ್ನ ಸಾಕ" ಎಂದರು. ಅವರು ಹೇಳಿದ್ದು ಕರುಣೆಯಿಂದಲೇ. ಆದರೆ ಮದುವೆಯಾಗಿ ಬಂದಂದಿನಿಂದ ಈ ಮನೆಯ ರೊಟ್ಟಿ ನನ್ನದು. ಅದಕ್ಕಿಂತ ಹೆಚ್ಚಾಗಿ, ಎಳ್ಳಮಾವಾಸ್ಯೆಯ ರೊಟ್ಟಿ ನನ್ನದು.

ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಮನೆಗೆ ಮನೆಯೇ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಎಡೆ ಹಿಡಿದು, ಅದನ್ನೇ ಬೆಳೆಯ ಮೇಲೆ ಚರಗ ಚೆಲ್ಲುತ್ತೇವೆ. ನಮ್ಮ ಮನೆಯ ರೂಢಿಯೆಂದರೆ ಆ ಎಡೆಗೆ ಎಳ್ಳು ಹಚ್ಚಿದ ಐದು ಸಜ್ಜೆ ರೊಟ್ಟಿ ಬೇಕು, ಒಂದಕ್ಕೂ ಬಿರುಕು ಇರಬಾರದು. ಬಡಿಯುವವಳು ಹಿರಿಯ ಸೊಸೆ. ಒಮ್ಮೆ ಅದು ಕೈಯಿಂದ ಕೈಗೆ ಹೋಯಿತೆಂದರೆ ಹೋಯಿತು, ಮತ್ತೆ ತಿರುಗಿ ಬರುವುದಿಲ್ಲ. ನಮ್ಮ ಅತ್ತೆಯೂ ಹಾಗೆಯೇ ನನಗೆ ಬಿಟ್ಟುಕೊಟ್ಟಿದ್ದರು. ಈಗ ನನ್ನಿಂದ ಹೋದರೆ ನಾನು ಈ ಮನೆಯಲ್ಲಿ ಕುಳಿತು ಉಣ್ಣುವವಳು, ಅಷ್ಟೇ. ನನಗೆ ಅದು ಬೇಡವಾಗಿತ್ತು. ಸುತರಾಂ ಬೇಡವಾಗಿತ್ತು.

ನೆಗೆಣ್ಣಿಗೂ ಅದು ಬೇಕಿರಲಿಲ್ಲ ಅನ್ನಿ. ರೊಟ್ಟಿ ಎಂದರೆ ಅವಳಿಗೆ ಮೈಮೇಲೆ ಮುಳ್ಳು. "ಅಕ್ಕಾ, ಹೆಂಗರ ಮಾಡಿ ಲಗೂನ ಆರಾಮ ಆಗ್ರಿ, ನನ್ನ ರಟ್ಟಿ ಬಿದ್ದು ಹೋಗ್ಯಾವ" ಎಂದು ಪರಾತದ ಮುಂದೆಯೇ ಗೋಳಾಡುವಳು. ಅವಳ ರೊಟ್ಟಿ ಅಗಿದು ಅಗಿದು ನಮ್ಮ ಮನೆಯವರಿಗೂ ದವಡೆ ನೋವು ಬಂದಿರಬೇಕು, ಜತ್ತ ಪೇಟೆಗೆ ಹೋದವರು ರೊಟ್ಟಿ ಒತ್ತುವ ಕಬ್ಬಿಣದ ಯಂತ್ರ ತಂದರು. ಅದರೊಳಗೆ ಜೋಳದ ಹಿಟ್ಟಿನ ಉಂಡೆ ಇಟ್ಟು ಒತ್ತಿದರೆ ಅರ್ಧ ಮೇಲಿನ ತಟ್ಟೆಗೆ, ಅರ್ಧ ಕೆಳಗಿನ ತಟ್ಟೆಗೆ. ಚಾಕು ಹಿಡಿದು ಕೆರೆಯಬೇಕಾಯಿತು. ಈಗ ಅದು ಉಪ್ಪಿನಕಾಯಿಯ ಭರಣಿಯ ಮುಚ್ಚಳ ಹಾರದಂತೆ ಮೇಲೆ ಕೂತಿದೆ, ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಒಂದು ದಿನ ಎಲ್ಲರ ರೊಟ್ಟಿ ಮುಗಿದ ಮೇಲೆ ನೆಗೆಣ್ಣಿಯನ್ನು ಒಂದು ಉಂಡೆ ಹಿಟ್ಟು ಬಿಡು ಎಂದು ಕೇಳಿದೆ. ಎಡಗೈಯಲ್ಲಿ ಬಡಿದೆ. ಅಯ್ಯೋ, ಅದನ್ನು ರೊಟ್ಟಿ ಎಂದರೆ ರೊಟ್ಟಿಗೇ ಸಿಟ್ಟು ಬಂದೀತು! ಒಂದು ಅಂಚು ಗೋಡೆಯಷ್ಟು ದಪ್ಪ, ಇನ್ನೊಂದು ಕಡೆ ತೂತು. ಬಲಗೈ ಬಡಿಯುತ್ತಿದ್ದಾಗ ರೊಟ್ಟಿ ತಾನಾಗಿ ಸುತ್ತುತ್ತಿತ್ತು. ಎಡಗೈ ಬಡಿದರೆ ಅದು ನಿಂತಲ್ಲೇ ನಿಂತಿತು. ಹೊಲದಿಂದ ಬಂದ ನಮ್ಮ ಮನೆಯವರು ಬಾಗಿ ನೋಡಿದರು.

"ಏನ ಇದು?"

"ರೊಟ್ಟಿ."

"ಯಾರಿಗೆ?"

ಮೈಯೆಲ್ಲ ಉರಿದುಹೋಯಿತು. "ಎಮ್ಮಿಗಿ!" ಎಂದೆ. ಅಂದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ, ಆ ಮುದ್ದೆಯನ್ನು ಹಾಗೇ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಎಮ್ಮೆಯ ಬಾಯಿಗೆ ಇಟ್ಟೆ. ಅದು ಒಂದೇ ಸಲಕ್ಕೆ ನುಂಗಿ, ನನ್ನ ಕೈ ನೆಕ್ಕಿ, ಇನ್ನೂ ಇದೆಯಾ ಎಂಬಂತೆ ನೋಡಿತು. ಆ ಮನೆಯಲ್ಲಿ ಅವತ್ತು ನನ್ನ ರೊಟ್ಟಿಯನ್ನು ಮೆಚ್ಚಿದ್ದು ಅದೊಂದೇ.

ಮರುದಿನ ಮತ್ತೆ ಒಂದು ಉಂಡೆ. ಅದರ ಮರುದಿನವೂ ಒಂದು. ಹೆಚ್ಚಿಲ್ಲ, ದಿನಕ್ಕೆ ಒಂದೇ. ಎರಡನೆಯದಕ್ಕೆ ಕೈ ಸೋಲುತ್ತಿತ್ತು, ತಾಳ್ಮೆ ಅದಕ್ಕೂ ಮೊದಲೇ ಸೋಲುತ್ತಿತ್ತು. ಕೆಲವು ದಿನ ಬರೀ ನಾದಿದೆ. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಎಡಗೈಯಿಂದ ನಾದುತ್ತ, ಸತ್ತಂತಿದ್ದ ಬಲಗೈಯನ್ನೂ ಹಿಟ್ಟಿನ ಮೇಲೆ ಭಾರ ಹಾಕಿ ಇಡುತ್ತಿದ್ದೆ. ನೀನೇನು ಸುಮ್ಮನೆ ಕುಳಿತು ಉಣ್ಣುತ್ತೀಯಾ, ಬಾ ಇಲ್ಲಿ ಎಂದು ಅದಕ್ಕೂ ಬೈದೆ. ಬಿಸಿ ತಾಗಿದ ಕೈಗೆ ಯಾವಾಗಲೋ ಒಮ್ಮೆ ಚುರುಕ್ ಎಂದಿತು. ನೋವಾಯಿತು ಎಂದು ಇಷ್ಟು ಖುಷಿಪಟ್ಟವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಒಂದು ದಿನ ಮಾತ್ರ ತಡೆಯಲಾಗಲಿಲ್ಲ. ರೊಟ್ಟಿ ಸುಮಾರು ದುಂಡಗಾಗಿತ್ತು. ಎತ್ತಿ ಹಂಚಿಗೆ ಹಾಕಲು ಹೋದೆ, ಕೈಯಲ್ಲೇ ನಾಲ್ಕು ಚೂರಾಗಿ ಒಲೆಯ ಬೂದಿಗೆ ಬಿತ್ತು. ಪರಾತ ಎತ್ತಿ ಅಂಗಳಕ್ಕೆ ಒಗೆದೆ. ಅದು ಗಣಗಣ ಎಂದು ಉರುಳಿ ಬಾಗಿಲಾಚೆಗೆ ಹೋಯಿತು, ದಾರಿಯಲ್ಲಿ ಹೋಗುತ್ತಿದ್ದ ಕುರಿಗಳು ಬೆದರಿ ಚದುರಿದವು. ಕುರಿಯವನು ಏನಾಯಿತೋ ಎಂದು ಇಣುಕಿದ. ನಾನು ಅವನನ್ನೂ ಬೈದೆ. ಇನ್ನು ಮುಂದೆ ಹಿಟ್ಟು ಮುಟ್ಟುವುದಿಲ್ಲ ಎಂದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದೆ.

ಮರುದಿನ ಹಿಟ್ಟು ಮುಟ್ಟಲಿಲ್ಲ. ನೆಗೆಣ್ಣಿ ಪರಾತ ತೊಳೆದಿಟ್ಟದ್ದೇ ತಡ, ಹಿತ್ತಲಲ್ಲಿ ಎಮ್ಮೆ ಒದರತೊಡಗಿತು. ಅದರ ರೊಟ್ಟಿಯ ಹೊತ್ತು ಅದಕ್ಕೆ ಗೊತ್ತಾಗಿಬಿಟ್ಟಿತ್ತು! ಮೇವು ಹಾಕಿದರೂ ಸುಮ್ಮನಾಗಲಿಲ್ಲ, ನೀರು ಕುಡಿಸಿದರೂ ಇಲ್ಲ. ನೆಗೆಣ್ಣಿ ತಾನು ಬಡಿದ ಒಂದು ರೊಟ್ಟಿ ಕೊಟ್ಟು ನೋಡಿದಳು. ಎಮ್ಮೆ ಅದನ್ನು ತಿಂದು ಮತ್ತೆ ಒದರಿತು. ಕೊನೆಗೆ ಅತ್ತೆಯೇ ಕಿವಿ ಮುಚ್ಚಿಕೊಂಡು ಬಂದು ನನ್ನ ತಲೆಯ ಬಳಿ ನಿಂತರು.

"ಏಳು ತಂಗಿ. ಅದರ ರೊಟ್ಟಿ ಅದಕ್ಕ ಮಾಡಿ ಹಾಕು. ಒದರಿ ಒದರಿ ಮನಿ ಹಾರಸ್ತೈತಿ."

"ನನ್ನ ಕೈಲೆ ಆಗೂದಿಲ್ಲರಿ ಅತ್ತಿ."

"ನಿನಗ ಯಾರು ಚಲೋ ಮಾಡಂತಾರ? ಎಮ್ಮಿಗಿ ತಿನ್ನಾಕ ಬಂದ್ರ ಸಾಕ."

ಎದ್ದೆ. ಮುಖ ತೊಳೆಯದೆ, ಸಿಟ್ಟಿನಲ್ಲೇ ಒಂದು ಉಂಡೆ ಬಡಿದು ಕೊಟ್ಟೆ. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಲು ಅದು ಬಿಡಬೇಕಲ್ಲ! ಮನಸ್ಸಿದ್ದರೂ ಇಲ್ಲದಿದ್ದರೂ, ಜ್ವರವಿದ್ದರೂ, ಮನೆಗೆ ಬೀಗರು ಬಂದಿದ್ದರೂ, ಹೊತ್ತಿಗೆ ಸರಿಯಾಗಿ ಹಿತ್ತಲಿನಿಂದ ಕರೆ ಬರುತ್ತಿತ್ತು, ನಾನು ಬೈಯುತ್ತ ಪರಾತ ಎಳೆದುಕೊಳ್ಳುತ್ತಿದ್ದೆ. ಯಾರಿಗೂ ತೋರಿಸಬೇಕಿಲ್ಲದ ರೊಟ್ಟಿ. ಹಾಗಾಗಿ ಹೆದರಿಕೆಯೂ ಇರಲಿಲ್ಲ.

ದಿನದಿಂದ ದಿನಕ್ಕೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ಆದರೆ ಮಳೆ ಬೀಳುವ ಹೊತ್ತಿಗೆ ರೊಟ್ಟಿ ಎಡಗೈಯ ಕೆಳಗೆ ಸುತ್ತತೊಡಗಿತ್ತು, ಬಲಗೈಯಲ್ಲಿ ಸುತ್ತುತ್ತಿದ್ದುದಕ್ಕೆ ತಿರುವುಮುರುವಾಗಿ. ಆ ಬಡಿತದ ಸಪ್ಪಳ ನನ್ನ ಕಿವಿಗೆ ಬಿದ್ದಾಗ ಕೈ ನಿಲ್ಲಿಸಿ ಮತ್ತೆ ಬಡಿದೆ, ಇನ್ನೊಮ್ಮೆ ಕೇಳಬೇಕು ಎಂದು. ಎತ್ತುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಎಡ ಅಂಗೈಯನ್ನು ರೊಟ್ಟಿಯ ಕೆಳಗೆ ತೂರಿಸಿ, ಬಲಗೈಯ ಬೆರಳು ಹಿಡಿಯದಿದ್ದರೂ ಅದರ ಮಣಿಕಟ್ಟನ್ನು ಅಂಚಿಗೆ ಆಸರೆ ಕೊಟ್ಟು ಎತ್ತಲು ಕಲಿತೆ. ದಸರೆಯ ಹೊತ್ತಿಗೆ ಎತ್ತಿದ್ದು ಹಂಚು ಮುಟ್ಟತೊಡಗಿತು. ಅರಿವೆಯಲ್ಲಿ ನೀರು ಸವರಿದರೆ ಉಬ್ಬಿಯೂ ಉಬ್ಬಿತು. ಎಮ್ಮೆಗೆ ಹೋಗುವುದು ಈಗ ಮುರಿದದ್ದು ಮಾತ್ರ. ಒಂದೊಂದು ದಿನ ಬರೀ ಒಂದು ಚೂರು. ಅದು ತಲೆ ಅಲ್ಲಾಡಿಸಿ ನನ್ನನ್ನು ಗುರಾಯಿಸುತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಕುಳಿತವರು ಎರಡನೆಯ ರೊಟ್ಟಿ ಕೇಳಿದರು. ಅವರು ಎರಡನೆಯದು ಕೇಳಿ ಎಷ್ಟೋ ತಿಂಗಳಾಗಿತ್ತು. "ಇವತ್ತ ರೊಟ್ಟಿ ಭಾಳ ಚಲೋ ಆಗ್ಯಾವ" ಎಂದು ನೆಗೆಣ್ಣಿಯ ಕಡೆ ನೋಡಿದರು. ಅವಳು ಕಿಸಕ್ಕನೆ ನಕ್ಕು, "ನಾ ಬಡದಿದ್ದಲ್ಲರಿ, ಅಕ್ಕಾರು ಬಡದಾರ" ಎಂದಳು. ಅವರು ರೊಟ್ಟಿ ನೋಡಿದರು, ನನ್ನ ಎಡಗೈ ನೋಡಿದರು. "ಮತ್ತ ಎಮ್ಮಿಗಿ?" ಎಂದರು. ಮೂವರೂ ನಕ್ಕೆವು. ಆ ನಗುವಿನಲ್ಲೇ ನನಗೆ ಕಣ್ಣೀರು ಬಂತು.

ಎಳ್ಳಮಾವಾಸ್ಯೆ ಹತ್ತಿರ ಬಂತು. ಸಜ್ಜೆಯ ಹಿಟ್ಟು ಜೋಳದ್ದಕ್ಕಿಂತ ಹಟಮಾರಿ, ಜಿಗುಟು ಕಡಿಮೆ, ಬಡಿಯುವಾಗಲೇ ಅಂಚು ಬಿರಿಯುತ್ತದೆ. ಅದನ್ನೂ ದಿನಕ್ಕೊಂದರಂತೆ ಬಡಿದು ಪಳಗಿಸಿಕೊಂಡೆ. ಎಮ್ಮೆಗೆ ಮತ್ತೆ ಸುಗ್ಗಿ. ಹಬ್ಬದ ಹಿಂದಿನ ಸಂಜೆ ಶೇಂಗಾ ಹೋಳಿಗೆಯ ಹೂರಣ ಕುಟ್ಟುತ್ತ ಕುಳಿತಿದ್ದೆವು. ಅತ್ತೆ ನೆಗೆಣ್ಣಿಗೆ ಹೇಳಿದರು:

"ನಾಳಿ ಎಡಿ ರೊಟ್ಟಿ ನೀ ಬಡಿ."

ಕುಟ್ಟಣಿ ನನ್ನ ಕೈಯಲ್ಲೇ ನಿಂತಿತು. "ಯಾಕರಿ ಅತ್ತಿ? ನಾ ಬಡೀತೀನಲ್ಲ. ದಿನಾ ನಾನ ಬಡೀಲಾಕತ್ತೀನಿ."

"ಮನ್ಯಾಗ ತಿನ್ನಾಕ ಆತು ತಂಗಿ, ಬ್ಯಾಡ ಅನ್ನಂಗಿಲ್ಲ. ಆದ್ರ ಎಡಗೈಲೆ ಬಡದದ್ದು ದೇವರ ಮುಂದ ಹೆಂಗ ಇಡೂದು? ನೀನ ಹೇಳು."

ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಮುರಿದದ್ದು, ಸೀದದ್ದು, ಬೂದಿಗೆ ಬಿದ್ದದ್ದು, ಎಲ್ಲ ದಾಟಿ ಬಂದೆ. ಈಗ ಕೈ ಕಲಿತಿದೆ, ಆದರೆ ಅದು ಸರಿಯಾದ ಕೈ ಅಲ್ಲವಂತೆ! ಎದ್ದು ಹಿತ್ತಲಿಗೆ ಹೋಗಿ ಎಮ್ಮೆಯ ಕೊರಳಿಗೆ ಹಣೆ ಹಚ್ಚಿ ನಿಂತೆ. ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದೆ. ಅದು ಮೆಲುಕು ಹಾಕುತ್ತ ಕೇಳಿತು.

ಬೆಳಗ್ಗೆ ಎಂದಿನಂತೆ ಸ್ನಾನ ಮಾಡಿ ಅತ್ತೆಯ ಪಕ್ಕ ಪೂಜೆಗೆ ಕುಳಿತೆ. ಅಡುಗೆಮನೆಯಲ್ಲಿ ನೆಗೆಣ್ಣಿ ಎಸರಿಟ್ಟ ಸಪ್ಪಳ ಕೇಳುತ್ತಿತ್ತು. ಅತ್ತೆ ತಮ್ಮ ಲಿಂಗವನ್ನು ಅಂಗೈಗೆ ತೆಗೆದುಕೊಂಡರು, ನಾನು ನನ್ನದನ್ನು. ಅವರು ಎಂದಿನಂತೆ ನನ್ನ ಬಲಗೈ ಎತ್ತಲು ಬಂದರು. ನಾನು ಬೇಡವೆಂದು ತಲೆಯಾಡಿಸಿ, ನಾನೇ ಎತ್ತಿದೆ. ದಿನಾ ಹಿಟ್ಟಿನ ಬಿಸಿಯಲ್ಲಿ ಬಿದ್ದು ಬಿದ್ದು ಆ ಬೆರಳುಗಳಿಗೆ ಅಷ್ಟು ಬಲ ಬಂದಿತ್ತು. ನಡುಗುತ್ತಲೇ ವಿಭೂತಿ ಹಿಡಿದು ಲಿಂಗಕ್ಕೆ ಹಚ್ಚಿದೆ. ಅತ್ತೆಯ ಕಣ್ಣು ಆ ಬೆರಳುಗಳ ಹಿಂದೆಯೇ ಬಂದು ಲಿಂಗದ ಮೇಲೆ ನಿಂತಿತು. ಅಲ್ಲಿಂದ ನನ್ನ ಅಂಗೈಯ ಮೇಲೆ. ಆಮೇಲೆ ತಮ್ಮ ಅಂಗೈಯ ಮೇಲೆ.

"ತಂಗಿ" ಎಂದರು. "ಲಿಂಗ ಯಾವ ಕೈಯಾಗ ಕುಂತೈತಿ?"

"ಎಡಗೈಯಾಗರಿ."

"ನಂದು?"

"ನಿಮ್ಮದೂ ಎಡಗೈಯಾಗ ಐತ್ರಿ."

"ಹುಟ್ಟಿದಾಗಿಂದ ಇದ ಕೈಯಾಗ ಹಿಡಕೊಂಡು ಕುಂತೀನಿ. ದೇವರಿಗಿ ಕುಂದ್ರಾಕ ಈ ಕೈ ನಡೀತೈತಿ, ದೇವರ ರೊಟ್ಟಿ ಬಡ್ಯಾಕ ನಡ್ಯಾಂಗಿಲ್ಲ ಅಂದ್ನಲ್ಲ, ನನ್ನ ಬುದ್ಧಿಗಿ ಏನ ಬಡದಿತ್ತ!" ಎಂದವರೇ ಅಡುಗೆಮನೆಯ ಕಡೆ ತಿರುಗಿ ದನಿ ಎತ್ತಿದರು. "ಏಯ್, ಪರಾತ ಬಿಟ್ಟು ಈಕಡಿ ಬಾ! ಹಿರ್ಯಾಕಿ ಬರ್ತಾಳ!"

"ಬರ್ರಿ ಅಕ್ಕಾ, ಬರ್ರಿ, ಲಗೂನ ಬರ್ರಿ!" ಒಳಗಿನಿಂದ ನೆಗೆಣ್ಣಿಯ ದನಿ, ಜೀವ ಉಳಿದವಳ ದನಿ.

ನಾನು ಹೇಗೆ ಎದ್ದೆನೋ, ಹೇಗೆ ಒಲೆಯ ಮುಂದೆ ಕುಳಿತೆನೋ. ಮೊದಲ ಉಂಡೆ ಪರಾತದಲ್ಲಿಟ್ಟು ಎಳ್ಳು ಉದುರಿಸಿ ಬಡಿದೆ. ಕೈ ತಾನಾಗಿ ನಡೆಯಿತು. ಒಂದು ಆಯಿತು, ಎರಡಾಯಿತು. ನೆಗೆಣ್ಣಿ ಪಕ್ಕದಲ್ಲೇ ಕುಳಿತು ಎಣಿಸುತ್ತಿದ್ದಳು. ಮೂರನೆಯದು ಸ್ವಲ್ಪ ಉದ್ದುದ್ದ ಬಂತು, ಆದರೆ ಬಿರಿಯಲಿಲ್ಲ. ನಾಲ್ಕನೆಯದು ಹಂಚಿನ ಮೇಲೆ ಉಬ್ಬಿತು. ಐದನೆಯದನ್ನು ಎತ್ತುವಾಗ ಅಂಚು ಒಂದಿಷ್ಟು ಜಾರಿತು. ನೆಗೆಣ್ಣಿ ಹಿಡಿಯಲು ಕೈ ಚಾಚಿದಳು. "ಹಿಂದಕ ಸರಿ!" ಎಂದು ಗದರಿದೆ. ಬಲಗೈಯ ಮಣಿಕಟ್ಟು ಕೊಟ್ಟೆ, ಬೆರಳುಗಳೂ ಮುಂದೆ ಬಂದು ಅಂಚಿಗೆ ಆತುಕೊಂಡವು. ಎರಡೂ ಕೈ ಸೇರಿ ಆ ರೊಟ್ಟಿಯನ್ನು ಹಂಚಿನ ಮೇಲೆ ಮಲಗಿಸಿದವು. ಆಮೇಲೆ ಬುಟ್ಟಿ ತುಂಬುವವರೆಗೂ ಬಡಿದೆ. ಹಿತ್ತಲಲ್ಲಿ ಎಮ್ಮೆ ಒದರುತ್ತಿದ್ದುದು ಯಾರ ಕಿವಿಗೂ ಬೀಳಲಿಲ್ಲ.

ಟ್ರ್ಯಾಕ್ಟರ್ ಏರಿ ಎಲ್ಲರೂ ಹೊಲಕ್ಕೆ ಹೋದೆವು. ಹಿಂಗಾರಿ ಜೋಳ ತೆನೆ ಕಟ್ಟಿ ನಿಂತಿತ್ತು. ಐದು ಕಲ್ಲಿನ ಮುಂದೆ ಅತ್ತೆ ತಾವೇ ಐದು ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ, ಬಿಸಿಲಿಗೆ ಹಿಡಿದು, ಬಿರುಕಿದೆಯೇ ಎಂದು ನೋಡಿ ನೋಡಿ ಇಟ್ಟರು. ಒಂದನ್ನೂ ಹಿಂದಿಡಲಿಲ್ಲ. ನಮ್ಮ ಮನೆಯವರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲಿದರು. ನನ್ನ ಎಡಗೈಯ ರೊಟ್ಟಿಯ ಚೂರುಗಳು ಜೋಳದ ಸಾಲುಗಳಲ್ಲಿ ಬೀಳುವುದನ್ನು ನಾನು ಬದುವಿನ ಮೇಲೆ ನಿಂತು ನೋಡಿದೆ. ಮದುವೆಯಾದ ವರ್ಷದ ಎಳ್ಳಮಾವಾಸ್ಯೆಯಲ್ಲೂ ನನಗೆ ಅಷ್ಟು ಹಿಗ್ಗು ಆಗಿರಲಿಲ್ಲ.

ಪಕ್ಕದ ಹೊಲದ ಹೆಣ್ಣುಮಕ್ಕಳನ್ನೂ ಊಟಕ್ಕೆ ಕರೆದಿದ್ದೆವು. ಅವರಲ್ಲೊಬ್ಬಳು ರೊಟ್ಟಿ ಮುರಿದು ಎಣಗಾಯಿಗೆ ಅದ್ದಿ, "ಸಜ್ಜಿ ರೊಟ್ಟಿ ಇಷ್ಟ ತೆಳ್ಳಗ! ಯಾರು ಬಡದಾರರಿ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಾಲ್ಕು ಹೊಲಕ್ಕೆ ಕೇಳುವಂತೆ ಹೇಳಿದರು: "ನಮ್ಮ ಹಿರಿ ಸೊಸಿ. ಎಡಗೈಲೆ!"

ಸಂಜೆ ಮನೆಗೆ ಬಂದಾಗ ಎಮ್ಮೆ ಗೂಟ ಕಿತ್ತುಕೊಳ್ಳುವಂತೆ ಒದರುತ್ತಿತ್ತು. ಬೆಳಗಿನಿಂದ ಅದರ ಪಾಲು ಅದಕ್ಕೆ ಸಿಕ್ಕಿರಲಿಲ್ಲ. ಅತ್ತೆ ಟ್ರ್ಯಾಕ್ಟರಿನಿಂದ ಇಳಿದವರು ನೆಟ್ಟಗೆ ಹಿತ್ತಲಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ಅದರ ಮುಂದೆ ನಿಂತರು.

"ಒದರಬ್ಯಾಡ. ಇವತ್ತ ನಿನಗ ಏನೂ ಇಲ್ಲ ಹೋಗು. ನಮ್ಮ ಸೊಸಿ ಒಂದೂ ಮುರದಿಲ್ಲ!"

ನಾನು ಒಳಗೆ ಹೋಗಿ ಮತ್ತೆ ಒಲೆ ಹೊತ್ತಿಸಿದೆ. ಕಲಿಸಿದವರಿಗೆ ಹಬ್ಬದ ದಿನ ಬರಿಗೈ ತೋರಿಸಲು ನನಗೆ ಮನಸ್ಸಾಗಲಿಲ್ಲ. ಎಮ್ಮೆಗೆಂದೇ ಒಂದು ರೊಟ್ಟಿ ಬಡಿದೆ, ದುಂಡಗೆ, ತೆಳ್ಳಗೆ, ಎಳ್ಳು ಹಚ್ಚಿ, ಎಲ್ಲೂ ಒಡೆಯದಂತೆ.